ಕರುವಿನ ಬೆನ್ನಿಗೆ ಅರಿವಳಿಕೆ: ಯಾವ ಮದ್ದು ಮೇಲು?

ಸಿಸೇರಿಯನ್ ಹೆರಿಗೆಗೆ ಮೊದಲು ಬೆನ್ನಿಗೆ ಚುಚ್ಚುಮದ್ದು ಕೊಡುವುದನ್ನು ನೀವು ಕೇಳಿರುತ್ತೀರಿ. ತಾಯಿಗೆ ಎಚ್ಚರವಿರುತ್ತದೆ, ಸೊಂಟದ ಕೆಳಗಿನ ನೋವು ಮಾತ್ರ ತಿಳಿಯುವುದಿಲ್ಲ. ನಿಮ್ಮ ಕೊಟ್ಟಿಗೆಯ ಕರುವಿಗೂ ಇಂಥದೇ ಅನುಕೂಲವಿದೆ. ಹೊಕ್ಕುಳಿನ ಹರ್ನಿಯಾ, ಬಾಲದ ಗಾಯ, ಹುಟ್ಟಿನಿಂದಲೇ ಗುದದ್ವಾರ ಮುಚ್ಚಿರುವುದು ಮುಂತಾದ ತೊಂದರೆಗಳಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಇದು ನೆರವಾಗುತ್ತದೆ. ಹಗ್ಗ ಬಿಗಿದು, ನಾಲ್ಕು ಜನ ಅದುಮಿ ಹಿಡಿದು ಕೊಯ್ಯುವ ಕಾಲ ಇದಲ್ಲ.

ಬೆನ್ನುಹುರಿಯನ್ನು ಸುತ್ತಿರುವ ಪೊರೆಯ ಹೊರಗಿನ ಸಂದಿಗೆ ಮದ್ದು ಬಿಡುವುದೇ ಈ ವಿಧಾನ. ಬಾಲದ ಬುಡದಲ್ಲಿ ಸ್ವಲ್ಪ ಮದ್ದು ಕೊಟ್ಟರೆ ಬಾಲ ಮತ್ತು ಗುದದ ಭಾಗವಷ್ಟೇ ಮರಗಟ್ಟುತ್ತದೆ. ಕರು ನಿಂತೇ ಇರುತ್ತದೆ. ಹೊಕ್ಕುಳಿನವರೆಗೆ ನೋವು ಹೋಗಬೇಕಾದರೆ ಹೆಚ್ಚು ಮದ್ದು ಬೇಕು. ಆಗ ಹಿಂಗಾಲುಗಳು ಸೋಲುವುದರಿಂದ ಕರುವನ್ನು ಮಲಗಿಸಲೇಬೇಕು.

ಹೆಚ್ಚು ಬಳಕೆಯಲ್ಲಿರುವ ಮದ್ದು ಲಿಗ್ನೋಕೇನ್. ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಾದ ಇದು ಕೆಲವೇ ನಿಮಿಷಗಳಲ್ಲಿ ಕೆಲಸ ಆರಂಭಿಸುತ್ತದೆ. ಪರಿಣಾಮ ಸುಮಾರು ಒಂದರಿಂದ ಎರಡು ಗಂಟೆ. ಸಣ್ಣ ಕೆಲಸಕ್ಕೆ ಇಷ್ಟು ಸಾಕು. ಆದರೆ ಗಾಯದ ನೋವು ಬೇಗನೆ ಮರಳುತ್ತದೆ.

ಝೈಲಜಿನ್ ನಿಧಾನಿ, ನೋವು ಅಡಗಲು ಹತ್ತಿಪ್ಪತ್ತು ನಿಮಿಷ ಹಿಡಿಯಬಹುದು. ಪರಿಣಾಮ ಮಾತ್ರ ಲಿಗ್ನೋಕೇನಿಗಿಂತ ಹೆಚ್ಚು ಹೊತ್ತು ಇರುತ್ತದೆ. ಜೊತೆಗೆ ಕರು ಮಂಪರಿಗೆ ಜಾರುತ್ತದೆ, ಜೊಲ್ಲು ಸುರಿಸುತ್ತದೆ, ಎದೆಬಡಿತ ನಿಧಾನವಾಗುತ್ತದೆ, ಹೊಟ್ಟೆ ಉಬ್ಬರಿಸಬಹುದು. ಕುದುರೆಗೆ ಕೊಡುವ ಪ್ರಮಾಣದ ಸುಮಾರು ಹತ್ತನೇ ಒಂದು ಭಾಗವೇ ದನಗಳಿಗೆ ಸಾಕು! ಆದ್ದರಿಂದ ಕರುವಿನ ತೂಕದ ಅಂದಾಜು ತಪ್ಪಬಾರದು. ಇದರ ಪರಿಣಾಮ ತಗ್ಗಿಸುವ ಮರುಮದ್ದು ಇರುವುದು ಸಮಾಧಾನದ ಸಂಗತಿ.

ಬುಪಿವಕೇನ್ ಕೂಡ ತಡವಾಗಿ ಆರಂಭವಾಗಿ ಹಲವು ಗಂಟೆ ನಿಲ್ಲುತ್ತದೆ. ಆದರೆ ತಪ್ಪಿ ರಕ್ತನಾಳ ಸೇರಿದರೆ ಹೃದಯಕ್ಕೆ ಅಪಾಯ. ಲಿಗ್ನೋಕೇನ್ ಮತ್ತು ಝೈಲಜಿನ್ ಬೆರೆಸಿ ಕೊಡುವುದೂ ಉಂಟು. ಬೇಗ ಆರಂಭ, ದೀರ್ಘ ಪರಿಣಾಮ ಎರಡೂ ಸಿಗುತ್ತವೆ. ಮಂಪರು ಮತ್ತು ಕಾಲಿನ ಸೋಲು ಕೂಡ ಜೊತೆಗೇ ಬರುತ್ತವೆ.

ಹಾಗಾದರೆ ಯಾವುದು ಮೇಲು? ಎಲ್ಲ ಕರುವಿಗೂ ಒಂದೇ ಉತ್ತರವಿಲ್ಲ. ಕೆಲಸ ಎಷ್ಟು ಹೊತ್ತಿನದು, ಕರು ಎಷ್ಟು ಗಟ್ಟಿಯಾಗಿದೆ ಎಂಬುದನ್ನು ನೋಡಿ ಪಶುವೈದ್ಯರೇ ನಿರ್ಧರಿಸಬೇಕು. ಭೇದಿಯಿಂದ ಬಳಲಿದ ಕರುವಿಗೂ ಆರೋಗ್ಯವಾಗಿರುವ ಕರುವಿಗೂ ಒಂದೇ ಲೆಕ್ಕ ಸಲ್ಲದು. ಆದ್ದರಿಂದ ಕರುವಿನ ವಯಸ್ಸು, ಹಾಲು ಕುಡಿದ ಹೊತ್ತು, ಹಿಂದಿನ ಕಾಯಿಲೆ ಯಾವುದನ್ನೂ ಮುಚ್ಚಿಡದೆ ಹೇಳಿ. ಎಷ್ಟು ಹೊತ್ತು ಹಾಲು ನಿಲ್ಲಿಸಬೇಕೆಂದು ಅವರನ್ನೇ ಕೇಳಿ. ಎಳೆಗರುವನ್ನು ನೀವಾಗಿಯೇ ಉಪವಾಸ ಕೆಡವಬೇಡಿ.

ಚಿಕಿತ್ಸೆಯ ನಂತರದ ಹೊಣೆ ನಿಮ್ಮದು. ಜಾರದ ನೆಲದ ಮೇಲೆ ದಪ್ಪನಾಗಿ ಹುಲ್ಲು ಹಾಸಿ. ಕರುವನ್ನು ಒಂದೇ ಮಗ್ಗುಲಿಗೆ ಚಾಚಿ ಮಲಗಿಸದೆ ಎದೆಯ ಮೇಲೆ ಕೂರಿಸಿ. ಬಲವಂತದಿಂದ ಎಬ್ಬಿಸಬೇಡಿ. ತಾನಾಗಿ ಎದ್ದು, ಚೆನ್ನಾಗಿ ನುಂಗುವಂತಾದ ಮೇಲೆ ಹಾಲು ಕೊಡಿ. ಹೊಟ್ಟೆ ಉಬ್ಬಿದರೆ, ಉಸಿರು ಕಷ್ಟವಾದರೆ, ವೈದ್ಯರು ಹೇಳಿದ ಹೊತ್ತು ಮೀರಿದರೂ ಏಳದಿದ್ದರೆ ಕೂಡಲೇ ಅವರಿಗೆ ತಿಳಿಸಿ. ನೋವನ್ನು ಬಾಯಿಬಿಟ್ಟು ಹೇಳಲಾರದ ಜೀವಕ್ಕೆ ನಿಮ್ಮ ಕಣ್ಣೇ ಕಾವಲು.