ಮಾಗಡಿ ಕೆರೆಗೆ ಯಾವ ದುರ್ಬೀನು?

ಕೆರೆಯ ಬಾತಿಗೆ ಯಾವ ಕೋವಿ ಒಳ್ಳೆಯದು? ಹನ್ನೆರಡು ಬೋರಿನ ಜೋಡಿ ನಳಿಗೆ ಅಂತ ಹೇಳುವ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಲೈಸೆನ್ಸ್ ಪಡೆದು ಬೇಟೆಯಾಡುವ ದಾರಿ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಬೆಳೆ ಕಾಯಲೆಂದು ಪಡೆದ ಕೋವಿಯಿಂದ ಬಾತು ಹೊಡೆದರೂ ಕೇಸೇ.

ಹಾಗಾಗಿ ಹಂಸಭಾವಿ ಊರಿನಿಂದ ಬಾತು ನೋಡಲು ಹೊರಟವರು ಕೊಳ್ಳಬೇಕಾದ್ದು ದುರ್ಬೀನು. ನಡೀರಿ, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ. 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಕೆರೆ ಇದು. ಹಿಮಾಲಯ ದಾಟಿದ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ.

ಅಂಗಡಿಯಲ್ಲಿ 20 ಪಟ್ಟು ಅಂದರೆ ಮರುಳಾಗಬೇಡಿ. ಕೈ ತುಸು ಅಲುಗಿದರೂ ಹಕ್ಕಿ ಕುಣಿಯುತ್ತದೆ. 8×42 ಸಾಕು. 8 ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿ: ಕಣ್ಣಿಗೆ ಬೀಳುವ ಬೆಳಕಿನ ವೃತ್ತ 5 ಮಿಲಿಮೀಟರಿಗೂ ಹೆಚ್ಚು. ಹೊಲದಲ್ಲಿ ಮೇದ ಬಾತುಗಳು ಕೆರೆಗೆ ಮರಳುವ ಮಬ್ಬು ಬೆಳಗಿಗೆ ಬೇಕಾದದ್ದು ಇದೇ.

ಚಾಳೀಸು ಹಾಕುವವರು ಕಣ್ಣಿನ ಕಡೆಯ ರಬ್ಬರ್ ಅಂಚನ್ನು ಒಳಕ್ಕೆ ತಿರುಗಿಸಿಕೊಳ್ಳಿ. ದಂಡೆಯ ಮೇಲೆ ನಿಂತೇ ಹೆಬ್ಬಾತಿನ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆ ಎಣಿಸಲಾದರೆ ದುಡ್ಡು ದಂಡವಾಗಿಲ್ಲ. ಸೂರ್ಯನ ಕಡೆ ಮಾತ್ರ ಹಿಡಿಯಬೇಡಿ, ಕಣ್ಣು ಹೋಗುತ್ತದೆ.