ಹೊಸ ಗುಡ್ಡ ಹುಡುಕಬೇಡಿ

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಶನಿವಾರ, ಭಾನುವಾರ ಕೂಡಿಕೊಂಡಾಗ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಸಾಲುಗಟ್ಟಿದ್ದ ಚಾರಣಿಗರ ಚಿತ್ರಗಳು ಮೊಬೈಲಿಂದ ಮೊಬೈಲಿಗೆ ಹರಿದಾಡಿದವು. ಅರಣ್ಯ ಇಲಾಖೆ ಎಚ್ಚೆತ್ತು, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಹಿಡಿಯಿತು. ಈಗ ಕುದುರೆಮುಖದಂಥ ಕಡೆ ದಿನಕ್ಕೆ 300 ಜನರ ಮಿತಿಯಿದೆ. ಒಳ್ಳೆಯದೇ ಆಯಿತು. ಆದರೆ ಟಿಕೆಟ್ ಸಿಗದ 301ನೆಯವನು ಮನೆಯಲ್ಲಿ ಕೂರುವವನಲ್ಲ. ಯಾರೂ ಹೋಗದ ಗುಡ್ಡ ಎಲ್ಲಿದೆ ಎಂದು ರೀಲ್ಸ್‌ನಲ್ಲಿ ಹುಡುಕಿ, ಹೆಸರಿಲ್ಲದ ಯಾವುದೋ ಬೋಳುಗುಡ್ಡಕ್ಕೆ ಗೆಳೆಯರನ್ನು ಕಟ್ಟಿಕೊಂಡು ಹೊರಡುತ್ತಾನೆ. ಜನಜಂಗುಳಿಗೆ ನಾನು ಸೇರಲಿಲ್ಲ, ಅಷ್ಟರಮಟ್ಟಿಗೆ ಪ್ರಕೃತಿಗೆ ಭಾರ ಕಡಿಮೆಯಾಯಿತು ಎಂಬುದು ಅವನ ಲೆಕ್ಕ. ಈ ಲೆಕ್ಕವೇ ತಲೆಕೆಳಗು.

ತುಳಿತದಿಂದ ಸಸ್ಯಗಳಿಗೆ ಎಷ್ಟು ಪೆಟ್ಟಾಗುತ್ತದೆ ಎಂಬುದನ್ನು ವಿಜ್ಞಾನಿಗಳು ಅಳೆದೇ ನೋಡಿದ್ದಾರೆ. ಅಮೆರಿಕದ ಡೇವಿಡ್ ಕೋಲ್ ಮತ್ತು ಬ್ರಿಟನ್ನಿನ ನೀಲ್ ಬೇಫೀಲ್ಡ್ 1993ರಲ್ಲಿ ಇದಕ್ಕೊಂದು ಸರಳ ವಿಧಾನ ಗೊತ್ತುಮಾಡಿದರು. ಅರ್ಧ ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದದ ಪಟ್ಟಿಗಳನ್ನು ಗುರುತುಮಾಡುವುದು. ಒಂದನ್ನು ಹಾಗೆಯೇ ಬಿಟ್ಟು, ಉಳಿದವುಗಳ ಮೇಲೆ 25, 75, 200, 500 ಸಲ ನಡೆಯುವುದು. ಎರಡು ವಾರದ ಮೇಲೆ ಒಮ್ಮೆ, ವರ್ಷದ ಮೇಲೆ ಇನ್ನೊಮ್ಮೆ ಎಷ್ಟು ಹಸಿರು ಉಳಿದಿದೆ ಎಂದು ಅಳೆಯುವುದು. ಕೋಲ್ ಅಮೆರಿಕದ ಬೆಟ್ಟಸೀಮೆಗಳ 18 ಬಗೆಯ ಸಸ್ಯವರ್ಗಗಳ ಮೇಲೆ ಈ ಪ್ರಯೋಗ ನಡೆಸಿದರು. ಹಾನಿ ಹೆಜ್ಜೆಗಳ ಲೆಕ್ಕಕ್ಕೆ ಸರಿಯಾಗಿ ಏರುವುದಿಲ್ಲ ಎಂಬುದು ಕಂಡುಬಂತು. ಹೆಚ್ಚಿನ ಪೆಟ್ಟು ಮೊದಮೊದಲ ಓಡಾಟದಲ್ಲೇ ಬೀಳುತ್ತದೆ. ನಂತರ ಎಷ್ಟು ಜನ ನಡೆದರೂ ಹೊಸದಾಗಿ ಕೆಡುವುದು ಕಡಿಮೆ, ಏಕೆಂದರೆ ಕೆಡಬೇಕಾದದ್ದು ಆಗಲೇ ಕೆಟ್ಟಿರುತ್ತದೆ.

ನಮ್ಮ ಗುಡ್ಡಕ್ಕೆ ಇದನ್ನು ಹೊಂದಿಸಿ ನೋಡಿ. ಹದಿನೈದು ಜನರ ಒಂದು ತಂಡ ಹತ್ತಿ ಇಳಿದರೆ 30 ಸಲ ತುಳಿದಂತಾಯಿತು. ಅಂಥ ಮೂರು ತಂಡ ಹೋದರೆ 90. ‘ಯಾರೂ ಹೋಗದ’ ಗುಡ್ಡಕ್ಕೆ ಆ ಮೊದಲ ಪೆಟ್ಟು ಬೀಳಲು ಒಂದೇ ಭಾನುವಾರ ಸಾಕು. ಕುದುರೆಮುಖದ 300 ಜನ ಹತ್ತಿ ಇಳಿದರೆ 600 ಆಗುತ್ತದೆ, ಪ್ರಯೋಗದ ಕೊನೆಯ ಮೆಟ್ಟಿಲನ್ನೂ ದಾಟಿದ ಸಂಖ್ಯೆ. ಆದರೆ ಅದು ಎಂದೋ ಸವೆದ ದಾರಿ; ಜನ ಅದರ ಮೇಲೆಯೇ ನಡೆದರೆ ಪಕ್ಕದ ಹುಲ್ಲಿಗೆ ಏನೂ ಆಗದು.

ಹುಲ್ಲು ಗಟ್ಟಿ ಜೀವ, ಅಗಲ ಎಲೆಯ ಮೆತ್ತನೆ ಗಿಡಗಳಿಗಿಂತ ಹೆಚ್ಚು ತಾಳಿಕೊಳ್ಳುತ್ತದೆ ಎಂಬುದೂ ಅದೇ ಪ್ರಯೋಗಗಳಲ್ಲಿ ಕಂಡದ್ದೇ. ಹಾಗಾದರೆ ಭಯವೇಕೆ? ನಾವು ಹೋಗುವ ಕಾಲ ಮತ್ತು ಹತ್ತುವ ಇಳಿಜಾರು, ಎರಡೂ ಕೆಟ್ಟವು. ಹಸಿರು ನೋಡಲು ಜನ ಬರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಶೋಲಾ ಕಾಡಿನ ನಡುವೆ ಹರಡಿದ ಈ ಹುಲ್ಲುಗಾವಲುಗಳ ಮಣ್ಣು ಆಗ ನೆಂದು ಮೆತ್ತಗಾಗಿರುತ್ತದೆ. ಬೂಟು ಒತ್ತಿದ ಕಡೆ ಮಣ್ಣಿನ ಸಣ್ಣ ರಂಧ್ರಗಳು ಮುಚ್ಚುತ್ತವೆ, ನೀರು ಇಂಗುವುದು ಕಡಿಮೆಯಾಗುತ್ತದೆ, ಇಂಗದ ನೀರು ಕಾಲುದಾರಿಯನ್ನೇ ತೋಡು ಮಾಡಿಕೊಂಡು ಹರಿಯುತ್ತದೆ. ಗುಡ್ಡದ ಅಡ್ಡಕ್ಕೆ ಸುತ್ತಿ ಹೋಗುವ ಹಳೆಯ ದಾರಿಗಿಂತ ನೆತ್ತಿಗೆ ನೇರ ಏರುವ ಅಡ್ಡಹಾದಿಯಲ್ಲಿ ನೀರಿನ ವೇಗ ಹೆಚ್ಚು, ಕೊರೆತವೂ ಹೆಚ್ಚು. ದಾರಿ ಕೊರಕಲಾದ ಮೇಲೆ ಜನ ಅದರಲ್ಲಿ ಕಾಲಿಡುವುದಿಲ್ಲ, ಅಂಚಿನ ಹುಲ್ಲು ತುಳಿಯುತ್ತಾರೆ. ಒಂದು ದಾರಿ ಮೂರಾಗುವುದು ಹೀಗೆ. ಕಲ್ಲಿನ ಮೇಲೆ ತೆಳ್ಳಗೆ ಕೂತ ಮಣ್ಣು ಒಮ್ಮೆ ಕೊಚ್ಚಿಹೋದರೆ ಹುಲ್ಲು ಚಿಗುರುವುದಾದರೂ ಎಲ್ಲಿ?

ಕೊಚ್ಚಿಹೋದದ್ದು ಎಲ್ಲಿಗೆ ಹೋಗುತ್ತದೆಂದು ಗುಡ್ಡದ ಬುಡದ ಮನೆಯವರಿಗೆ ಗೊತ್ತು. ಮಲೆನಾಡಿನ ಎಷ್ಟೋ ಒಂಟಿ ಮನೆಗಳಿಗೆ ಇವತ್ತಿಗೂ ಮೇಲಿನ ಹಳ್ಳದಿಂದ ಪೈಪಿನಲ್ಲಿ ಇಳಿಸಿದ ನೀರೇ ಗತಿ. ಶೌಚಾಲಯವಿಲ್ಲದ ನೆತ್ತಿಯಲ್ಲಿ ನೂರು ಜನ ಬೆಳಗ್ಗೆ ಏನು ಮಾಡುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ. ಮುಂದಿನ ಮಳೆಗೆ ಅದು ಹಳ್ಳಕ್ಕೆ ಇಳಿಯುತ್ತದೆ. ಆಚೆಗೆ ಅದೇ ಹಳ್ಳಗಳು ಕೂಡಿ ತುಂಗೆ, ಭದ್ರೆ, ನೇತ್ರಾವತಿಯಾಗುತ್ತವೆ. ಕುದುರೆಮುಖದ ಕಬ್ಬಿಣದ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಭದ್ರೆಗೆ ಸೇರುತ್ತಿದ್ದ ಹೂಳು ಗಣಿ ವಿರುದ್ಧದ ಹೋರಾಟದ ದೊಡ್ಡ ದೂರಾಗಿತ್ತು. ಗಣಿಯ ಹೂಳಿನ ಮುಂದೆ ಕಾಲುದಾರಿಯ ಹೂಳು ಏನೂ ಅಲ್ಲ, ಒಪ್ಪೋಣ. ಆದರೆ ಗಣಿಗೆ ಒಂದು ವಿಳಾಸವಿತ್ತು, ಕೋರ್ಟಿಗೆ ಎಳೆಯಬಹುದಿತ್ತು. ನೂರು ಗುಡ್ಡಗಳ ಮೇಲೆ ಚದುರಿದ ಬೂಟುಗಳನ್ನು ಎಳೆಯುವುದು ಹೇಗೆ?

ಬೂಟಿನ ಜೊತೆ ಬೀಜವೂ ಬರುತ್ತದೆ. ಅಂಟಾರ್ಕ್ಟಿಕಾಕ್ಕೆ ಹೋಗುವವರ ಬಟ್ಟೆ, ಬೂಟು, ಚೀಲ ತಪಾಸಣೆ ಮಾಡಿದ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದಂತೆ, ಬೀಜ ಹೊತ್ತು ತಂದವರಲ್ಲಿ ಒಬ್ಬೊಬ್ಬರ ಬಳಿ ಸರಾಸರಿ ಒಂಬತ್ತಕ್ಕೂ ಹೆಚ್ಚು ಬೀಜಗಳಿದ್ದವು. ಕಾಂಗ್ರೆಸ್ ಹುಲ್ಲು, ಕಮ್ಯುನಿಸ್ಟ್ ಗಿಡ ಎಂಬ ಕಳೆಗಳೆರಡೂ (ಪಕ್ಷಭೇದವಿಲ್ಲದೆ) ಬೋಳಾದ ಮಣ್ಣನ್ನೇ ಕಾಯುತ್ತಿರುತ್ತವೆ. ಇನ್ನು ಕುರಿಂಜಿಯ ಸಂಗತಿ. 2022ರಲ್ಲಿ ಚಂದ್ರದ್ರೋಣದ ಗುಡ್ಡಗಳು ನೀಲಿಯಾದಾಗ ಗೊಂಚಲು ಕಿತ್ತು ಫೋಟೋ ತೆಗೆಸಿಕೊಂಡವರಿದ್ದರು. ನೀಲಕುರಿಂಜಿ ಹನ್ನೆರಡು ವರ್ಷ ಬೆಳೆದು ಒಮ್ಮೆ ಮಾತ್ರ ಹೂ ಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ. ಅದರ ಹೂ ಕಿತ್ತರೆ ಮುಂದಿನ ಸರದಿಯ ಬೀಜವನ್ನೇ ಕಿತ್ತಂತೆ.

ಹಾಗಾಗಿ ಮಿತಿಯನ್ನು ಕೆಲವೇ ಹೆಸರಾಂತ ಶಿಖರಗಳಿಗೆ ಹಾಕಿ ಉಳಿದ ಗುಡ್ಡಗಳನ್ನು ತೆರೆದಿಟ್ಟರೆ ಹಾನಿ ತಗ್ಗುವುದಿಲ್ಲ, ಚದುರುತ್ತದೆ, ಚದುರಿದಷ್ಟೂ ಹೆಚ್ಚುತ್ತದೆ. ಅರಣ್ಯ ಇಲಾಖೆ ಪ್ರತಿ ಚಾರಣದ ದಾರಿಯಲ್ಲಿ ಗುರುತು ನೆಟ್ಟು, ಮಳೆಗಾಲಕ್ಕೆ ಮೊದಲು ಮತ್ತು ನಂತರ ಅದರ ಅಗಲ, ಆಳ ಅಳೆದು ಜನರ ಮುಂದಿಡಲಿ. 300 ಹೆಚ್ಚಾಯಿತೋ ಕಡಿಮೆಯಾಯಿತೋ ಆಗ ತಿಳಿಯುತ್ತದೆ. ಕೆಲಸಕ್ಕೆ ಬೇಕಾದದ್ದು ಒಂದು ಟೇಪು, ಒಂದು ನೋಟ್‌ಬುಕ್ಕು. ಹೋಗುವವರು ಬುಕಿಂಗ್ ಇರುವ, ಸವೆದ ದಾರಿಗೇ ಹೋಗಿ, ಕೆಸರಿದ್ದರೂ ಅದರ ಮಧ್ಯದಲ್ಲೇ ನಡೆಯಿರಿ. ಊರಿನ ಗೈಡ್ ಕರೆದುಕೊಳ್ಳಿ, ಹೊರಡುವ ಮುನ್ನ ಬೂಟು ತೊಳೆಯಿರಿ. ಹೆಸರಿಲ್ಲದ ಗುಡ್ಡವೊಂದನ್ನು ಈಗಾಗಲೇ ಹತ್ತಿ ಬಂದಿದ್ದರೆ, ದಯವಿಟ್ಟು ಅದರ ಲೊಕೇಶನ್ ಯಾರಿಗೂ ಕಳಿಸಬೇಡಿ.