ಬೇಸಿಗೆಯಲ್ಲಿ ಓವರ್‌ಕ್ಲಾಕಿಂಗ್

ಪ್ರಶ್ನೆ: ನಮ್ಮಲ್ಲಿ ಬೇಸಿಗೆಯೆಂದರೆ 40 ಡಿಗ್ರಿ. ಆರ್‌ಟಿಎಕ್ಸ್ 3060 ಕಾರ್ಡನ್ನು ಓವರ್‌ಕ್ಲಾಕ್ ಮಾಡಬಹುದೇ?
– ಓದುಗರೊಬ್ಬರು, ಕೊಕಟನೂರ

ಉತ್ತರ: ಮಾಡಬಹುದು, ಆದರೆ ವೋಲ್ಟೇಜ್ ಮಾತ್ರ ಏರಿಸಬೇಡಿ. ಚಿಪ್ ಎಳೆಯುವ ವಿದ್ಯುತ್ತು ವೇಗ ಏರಿದಷ್ಟೇ ಏರುತ್ತದೆ. ವೋಲ್ಟೇಜ್ ಏರಿದರೆ ಅದರ ವರ್ಗದ ಲೆಕ್ಕದಲ್ಲಿ. ವೋಲ್ಟೇಜ್ ಶೇ. 10 ಹೆಚ್ಚಿಸಿದರೆ ವಿದ್ಯುತ್ತು ಸುಮಾರು ಶೇ. 21 ಹೆಚ್ಚು ಬೇಕು, ಅಷ್ಟೂ ಶಾಖವಾಗಿ ಕೋಣೆಗೇ ಬರುತ್ತದೆ. ನಿಮ್ಮ ಕಾರ್ಡಿಗೆ ಎನ್‌ವಿಡಿಯಾ ಹೇಳಿರುವುದು 170 ವ್ಯಾಟ್, ಗರಿಷ್ಠ 93 ಡಿಗ್ರಿ. ಫ್ಯಾನು ಎಷ್ಟೇ ಜೋರಾಗಿ ತಿರುಗಿದರೂ ಊದುವುದು ಆ ಕೋಣೆಯ ಬಿಸಿಗಾಳಿಯನ್ನೇ. ಬಿಸಿ ಏರಿದಂತೆ ಕಾರ್ಡೇ ವೇಗ ತಗ್ಗಿಸಿಕೊಳ್ಳುತ್ತದೆ, ನೀವು ಪಟ್ಟ ಶ್ರಮ ವ್ಯರ್ಥ.

ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಕೋರ್ ಕ್ಲಾಕನ್ನು 15 ಮೆಗಾಹರ್ಟ್ಸ್‌ನಂತೆ ಏರಿಸುತ್ತ, ಪ್ರತಿ ಸಲ ಭಾರದ ಆಟವೊಂದನ್ನು ಅರ್ಧ ಗಂಟೆ ಓಡಿಸಿ. ಪರದೆಯಲ್ಲಿ ಬಣ್ಣದ ಚುಕ್ಕಿ ಮಿನುಗಿದರೆ ಹಿಂದಕ್ಕೆ ಬನ್ನಿ. ಏಪ್ರಿಲ್, ಮೇ ತಿಂಗಳಿಗೆ ನಾನು ಹೇಳುವುದು ಬೇರೆ: ವೇಗ ಇದ್ದಷ್ಟೇ ಇರಲಿ, ವೋಲ್ಟೇಜನ್ನೇ ಕೊಂಚ ಇಳಿಸಿ ನೋಡಿ.